ಹೋಲ್ಡಾನ್ ಅಂದರೆ ನಿಲ್ಲಬೇಕು

ಈಗಿನ ಕಂಡಕ್ಟರುಗಳು ಹೋಲ್ಡಾನ್ ಅನ್ನುವುದನ್ನೇ ಬಿಟ್ಟಿದ್ದಾರೆ. ಮೊನ್ನೆ ಶಿಕಾರಿಪುರದಿಂದ ಸೊರಬಕ್ಕೆ ಹೋಗುವಾಗ ನೋಡಿದೆ. ಕಂಡಕ್ಟರ್ ಬಾಯಲ್ಲಿ ಸೀಟಿ, ಕಿವಿಯಲ್ಲಿ ಮೊಬೈಲಿನ ವೈರು ಸಿಕ್ಕಿಸಿಕೊಂಡು, ನಿಲ್ಲಿಸುವುದಕ್ಕೂ ಸೀಟಿ, ಬಿಡುವುದಕ್ಕೂ ಸೀಟಿ ಊದುತ್ತ ಶಿರಾಳಕೊಪ್ಪದ ತನಕ ಒಂದು ಮಾತೂ ಆಡದೆ ಬಸ್ಸು ನಡೆಸಿದ. ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು. ಬಾಯಿದ್ದೂ ಕೂಗುವುದಕ್ಕೆ ಏನು ದಾಡಿ ಇವನಿಗೆ, ಅನಿಸಿತು. ನಮ್ಮ ಅಪ್ಪ ಇದೇ ದಾರಿಯ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದವರು. ಆಗ ಬಸ್ಸು ನಿಲ್ಲಬೇಕಾದರೆ ಕಂಡಕ್ಟರ್ ಗಂಟಲು ತೆರೆದು 'ಹೋಲ್ಡಾನ್' ಅನ್ನಬೇಕು, ಹೊರಡಬೇಕಾದರೆ 'ರೈಟ್' ಅನ್ನಬೇಕು. ಅಪ್ಪನ ಇಡೀ ಸಂಸಾರ ಈ ಎರಡು ಮಾತಿನ ನಡುವೆ ನಡೆಯಿತು ಅಂದರೆ ಉತ್ಪ್ರೇಕ್ಷೆಯೇನೂ ಅಲ್ಲ. ನನ್ನ ಮೊಮ್ಮಗಳ ಹತ್ತಿರ ಇಟ್ಟಿಗೆಯಂಥ ಒಂದು ಡಿಕ್ಷನರಿ ಇದೆ. ಅದರಲ್ಲಿ ಹೋಲ್ಡ್ ಅನ್ನುವ ಕ್ರಿಯಾಪದಕ್ಕೆ ಪುಟ ತುಂಬ ಅರ್ಥಗಳಿವೆ. ಕೈಯಲ್ಲಿ ಹಿಡಿಯುವುದು, ಉಸಿರು ಕಟ್ಟುವುದು, ಸಭೆ ನಡೆಸುವುದು, ಜಮೀನು ಇಟ್ಟುಕೊಂಡಿರುವುದು, ಫೋನಿನಲ್ಲಿ ಕಾಯಿಸುವುದು. ಎಲ್ಲವನ್ನೂ ಓದಿ ಮುಗಿಸಿದೆ. ನಮ್ಮ ಮನೆಯಲ್ಲಿ ಅದಕ್ಕಿದ್ದ ಬೆಲೆ ಆ ಪುಟದಲ್ಲಿ ಎಲ್ಲೂ ಸಿಗಲಿಲ್ಲ.

ನಮ್ಮ ಮನೆ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಪಡಸಾಲೆಯಲ್ಲಿ ಕುರ್ಚಿ ಬೆಂಚು ಯಾವುದೂ ಇರಲಿಲ್ಲ. ಬಸ್ಸಿನಿಂದ ಕಿತ್ತು ಹಾಕಿದ್ದ ಹಳೆಯ ಮೂವರ ಸೀಟನ್ನು ಅಪ್ಪ ಬಸ್ಸಿನ ಮಾಲೀಕ ಸಾಹುಕಾರರ ಹತ್ತಿರ ಕೇಳಿ ತಂದು ಗೋಡೆಗೆ ಹಾಕಿದ್ದರು. ನಾವು ಮೂವರೂ ಹೆಣ್ಣುಮಕ್ಕಳೇ. ಅಕ್ಕ ವಿಮಲಾ, ನಾನು ಸುಶೀಲಾ, ನನ್ನ ಕೆಳಗೆ ಪುಟ್ಟಿ. ಆ ಸೀಟಿನಲ್ಲಿ ಕಿಟಕಿ ಪಕ್ಕದ ಜಾಗ ತನಗೇ ಬೇಕು ಅಂತ ಮೂವರೂ ದಿನಾ ಕಿತ್ತಾಡುತ್ತಿದ್ದೆವು. ಅಲ್ಲಿ ಕಿಟಕಿಯೇ ಇರಲಿಲ್ಲ, ಬರೀ ಗೋಡೆ. ಆದರೂ ಆ ತುದಿ ಕಿಟಕಿ ಪಕ್ಕದ್ದು ಅಂತ ನಮ್ಮಲ್ಲಿ ಇತ್ಯರ್ಥವಾಗಿತ್ತು. ಅಡುಗೆಮನೆಯ ಗೂಡಿಗೆ ಹಲಗೆಯಾಗಿದ್ದದ್ದು ಬಸ್ಸಿನ ಮುಂದೆ ಸಿಕ್ಕಿಸುವ ಹಳೆಯ ಬೋರ್ಡು. ಕೆಂಪು ಅಕ್ಷರದಲ್ಲಿ 'ಸೊರಬ' ಅಂತ ಬರೆದಿತ್ತು. ಅದರ ಮೇಲೆ ಉಪ್ಪು, ಹುಣಸೆಹಣ್ಣು, ಒಗ್ಗರಣೆ ಡಬ್ಬಿ ಇರುತ್ತಿದ್ದವು. 'ಸೊರಬದ ಮ್ಯಾಲಿನ ಉಪ್ಪು ತಗೊಂಬಾ' ಅಂತ ಅವ್ವ ಹೇಳಿದರೆ ಹೊಸಬರು ಗಾಬರಿಯಾಗುತ್ತಿದ್ದರು. ಹಿತ್ತಲ ಬಾಗಿಲು ತೆಗೆದರೆ ಅಂಜನಾಪುರದ ಕಡೆಯಿಂದ ಗದ್ದೆಗಳಿಗೆ ಬರುವ ಕಾಲುವೆ ಕಾಣುತ್ತಿತ್ತು. ಅಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆಲ್ಲ ನಮ್ಮ ಮನೆಯ ಕೂಗುಗಳು ಬಾಯಿಪಾಠವಾಗಿದ್ದವು.

ಅಪ್ಪ ಮನೆಯಲ್ಲಿ ಮೊದಲು ಊಟಕ್ಕೆ ಕೂತಾಗ ಮಾತ್ರ ಹೋಲ್ಡಾನ್ ಅನ್ನುತ್ತಿದ್ದರಂತೆ. ಅವ್ವ ಅನ್ನ ಬಡಿಸುತ್ತಿದ್ದರೆ ಸಾಕು ಅನ್ನುವುದರ ಬದಲು ಆ ಮಾತು. ನಾವು ಹುಟ್ಟಿದ ಮೇಲೆ ಅದು ಎಲ್ಲ ಕಡೆಗೂ ಹಬ್ಬಿತು. ಬಾವಿಯಿಂದ ಕೊಡ ಮೇಲೆ ಬಂದರೆ ಹೋಲ್ಡಾನ್. ತಲೆ ಬಾಚುವಾಗ ಸಿಕ್ಕು ಎಳೆದರೆ ಹೋಲ್ಡಾನ್. ಜಗಳಕ್ಕಂತೂ ಅಪ್ಪ ಒಂದು ಕಟ್ಟುನಿಟ್ಟಿನ ಕಾಯಿದೆ ಮಾಡಿದ್ದರು. ಯಾರೇ ಹೋಲ್ಡಾನ್ ಅಂದರೂ, ಅದು ತೊದಲು ಮಾತಿನ ಪುಟ್ಟಿಯೇ ಆಗಿರಲಿ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಎತ್ತಿದ ಕೈ ಎತ್ತಿದಂತೆಯೇ ಇರಬೇಕು. ಮತ್ತೆ ಮುಂದುವರಿಯಬೇಕಾದರೆ ನಿಲ್ಲಿಸಿದವರೇ ರೈಟ್ ಅನ್ನಬೇಕು, ಬೇರೆ ಯಾರೂ ಅನ್ನುವಂತಿಲ್ಲ. ವಿಮಲಾ ನನ್ನ ಜುಟ್ಟು ಹಿಡಿದಿದ್ದಾಗ ನಾನು ಹೋಲ್ಡಾನ್ ಅಂದು, ರೈಟ್ ಅನ್ನದೆ ಹಾಗೇ ಕೂತು ಅವಳ ಕೈ ನೋಯುವಂತೆ ಮಾಡಿದ್ದುಂಟು. ಎಷ್ಟೋ ಸಲ ರೈಟ್ ಅನ್ನುವ ಹೊತ್ತಿಗೆ ಜಗಳ ಯಾತಕ್ಕೆ ಶುರುವಾಯಿತು ಅನ್ನುವುದೇ ಮರೆತು ಹೋಗಿರುತ್ತಿತ್ತು. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಹೋಲ್ಡ್ ಅಂದರೆ ಹಿಡಿದುಕೊಳ್ಳುವುದು ಅಂತ ಹೇಳಿಕೊಟ್ಟ ದಿನ ನಾನು ಬಂದು ಅಪ್ಪನಿಗೆ ವರದಿ ಒಪ್ಪಿಸಿದೆ. ಅಪ್ಪ ನಕ್ಕರು.

"ಮೇಷ್ಟ್ರ ಹೋಲ್ಡ್ ಕೈಯಾಗೆ ಇರ್ತೈತಿ ಕಣವ್ವ. ನಮ್ಮದು ಡ್ರೈವರ್ ಕಾಲಾಗೆ ಇರ್ತೈತಿ. ಎರಡೂ ಖರೆನೇ."

ಮನೆಯಲ್ಲಿ ಈ ಮಾತನ್ನು ಆಡದವರು ಇಬ್ಬರೇ. ಒಬ್ಬರು ಅಪ್ಪನ ತಾಯಿ, ನಮ್ಮಜ್ಜಿ. ಒಂದು ದಿನ ದೇವರ ಮುಂದೆ ಅಜ್ಜಿ ಮಂಗಳಾರತಿ ಎತ್ತಿದಾಗ ಕರ್ಪೂರ ಇಲ್ಲದ್ದನ್ನು ನೋಡಿ ಅಪ್ಪ ಬಾಯಿ ತಪ್ಪಿ ಹೋಲ್ಡಾನ್ ಅಂದುಬಿಟ್ಟರು. ಅಜ್ಜಿ ಕೆರಳಿ ಕೆಂಡವಾದರು. 'ದೇವರೇನು ನಿನ್ನ ಪ್ಯಾಸೆಂಜರ್ರೇನೋ' ಅಂತ ಬೈದು, ಬಸ್ಸಿನ ಮಾತು ನನ್ನ ಬಾಯಲ್ಲಿ ಬರಕೂಡದು ಅಂತ ಪಣ ತೊಟ್ಟರು. ಇನ್ನೊಬ್ಬರು ಅವ್ವ. ಅವ್ವನಿಗೆ ಆ ಮಾತಿನ ಮೇಲೆ ಕೋಪವಿರಲಿಲ್ಲ, ಬಳಸುವ ಸಂದರ್ಭವೇ ಬರುತ್ತಿರಲಿಲ್ಲ ಅಷ್ಟೆ. ಉಕ್ಕುವ ಹಾಲಿಗೆ ಇಂಗ್ಲಿಷ್ ಬರುತ್ತದೆಯೇ? ಎಲ್ಲರೂ ಹೋಲ್ಡಾನ್ ಅನ್ನುವುದು ಅವ್ವನಿಗೆ, ನಿಲ್ಲುವವಳು ಅವ್ವ, ರೈಟ್ ಅಂದ ಕೂಡಲೇ ಮತ್ತೆ ಶುರು ಮಾಡುವವಳೂ ಅವ್ವ. ಒಂದು ಸಲ ನೀನೂ ಅನ್ನು ಅಂತ ನಾವು ಸೆರಗು ಹಿಡಿದು ಜಗ್ಗಿದರೆ ಸೌಟು ತೋರಿಸಿ ಓಡಿಸುತ್ತಿದ್ದಳು.

ಸೊರಬದಲ್ಲಿ ಅಪ್ಪನ ಅಕ್ಕ ನೀಲತ್ತೆ ಇದ್ದರು. ಮಾವನವರದು ಹೊಸಬಾಳೆ ಕಡೆ ಗದ್ದೆ, ವಾಸ ಮಾತ್ರ ಸೊರಬ ಪೇಟೆಯಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಒಂದು ಬೇಸಿಗೆಯಲ್ಲಿ ಅಜ್ಜಿ ಅತ್ತೆಯ ಮನೆಗೆ ಹೋಗಿ ಕೆಲವು ದಿನ ಇದ್ದು ಬಂದರು. ಬಂದವರು ಮಗಳ ಖಾಲಿ ಮನೆಯ ಚಿಂತೆಯನ್ನೇ ಹೊತ್ತು ತಂದಿದ್ದರು. ಬಸ್ಸಿನ ಸೀಟಿನಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ ಅಪ್ಪನಿಗೆ ಹೇಳಿದರು.

"ನಿನಗೆ ದೇವರು ಮೂರು ಕೊಟ್ಟಾನೆ, ಅಕೀಗೆ ಒಂದೂ ಇಲ್ಲ. ಒಂದು ಕೂಸನ್ನ ಅಕ್ಕನ ಉಡಿಗೆ ಹಾಕಿದ್ರೆ ನಿನ್ನ ಗಂಟೇನು ಹೋಗ್ತೈತಿ?"

ಅಪ್ಪ 'ನೋಡೋಣ' ಅಂದರು. ನಮ್ಮಪ್ಪನ 'ನೋಡೋಣ' ಅಂದರೆ ಬೇಡ ಅನ್ನಲಾರದ ಸಂಕಟ ಅಂತ ಈಗ ಗೊತ್ತಾಗುತ್ತದೆ. ಆ 'ನೋಡೋಣ' ಅಜ್ಜಿಯ ಬಾಯಲ್ಲಿ ಸೊರಬ ಮುಟ್ಟುವಷ್ಟರಲ್ಲಿ 'ಆಗಲಿ' ಆಗಿತ್ತು. ಅತ್ತೆಯ ಮನೆಯಿಂದ ಬೇಡ ಅಂತ ಬರಲಿಲ್ಲ, ಹಾಗಾಗಿ ಅದು ಒಪ್ಪಿಗೆಯೇ ಆಯಿತು. ವಿಮಲಾ ದೊಡ್ಡವಳು, ಕೆಲಸಕ್ಕೆ ಬೇಕು. ಪುಟ್ಟಿ ಇನ್ನೂ ಅವ್ವನ ಸೊಂಟ ಬಿಟ್ಟವಳಲ್ಲ. ಉಳಿದವಳು ನಾನು. ಅವ್ವನನ್ನು ಯಾರೂ ಕೇಳಲಿಲ್ಲ. ನನಗೆ ಮಾತ್ರ ಆಸೆಗಳನ್ನು ಗುಡ್ಡೆ ಹಾಕಿದರು. ಅಲ್ಲಿ ಉಯ್ಯಾಲೆ ಇದೆ, ನಿನ್ನದೇ ಹಾಸಿಗೆ, ಗುಡವಿಗೆ ಕರಕೊಂಡು ಹೋಗಿ ಕೆರೆಯ ಹಕ್ಕಿಗಳನ್ನೆಲ್ಲ ತೋರಿಸುತ್ತಾರೆ, ಇತ್ಯಾದಿ. ನಾನು ಹಿಗ್ಗಿ ಹೀರೇಕಾಯಿಯಾಗಿ ಓಣಿಗೆಲ್ಲ ಡಂಗುರ ಸಾರಿ ಬಂದೆ. ಹಕ್ಕಿ ನೋಡಿಕೊಂಡು ಸಂಜೆ ಬಸ್ಸಿಗೆ ಮನೆಗೆ ಬಂದುಬಿಡಬಹುದು ಅಂತಲೇ ನನ್ನ ತಲೆಯಲ್ಲಿತ್ತು. ಹಾಗಲ್ಲ, ಇನ್ನು ಮೇಲೆ ಅದೇ ನಿನ್ನ ಮನೆ, ಅತ್ತೆಯನ್ನೇ ಅವ್ವ ಅನ್ನಬೇಕು ಅಂತ ವಿಮಲಾ ಹೇಳಿದ ಮೇಲೆ ಹೋಗುವುದಿಲ್ಲ ಅನ್ನಲು ಒಳಗೆ ಓಡಿದೆ. ಆದರೆ ಅಷ್ಟರಲ್ಲಿ ಟ್ರಂಕು ತುಂಬಿ ಆಗಿತ್ತು.

ಹೊರಡುವ ದಿನ ಅವ್ವ ನನಗೆ ಎಣ್ಣೆ ನೀರು ಹಾಕಿ, ಪಡಸಾಲೆಯಲ್ಲಿ ಕೂರಿಸಿ ತಲೆ ಬಾಚಿದಳು. ಬೇರೆ ದಿನಗಳಲ್ಲಿ ಅವ್ವನ ಬಾಚಣಿಗೆ ಕುಂಟೆ ಹೊಡೆದ ಹಾಗೆ ಹೋಗುತ್ತಿತ್ತು. ಅವತ್ತು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಆದರೂ ಒಂದು ಕಡೆ ಎಳೆಯಿತು, ನಾನು ಹೋಲ್ಡಾನ್ ಅಂದೆ. ಅವ್ವ ನಿಂತಳು. ಓಣಿಯಲ್ಲಿ ಯಾರೋ ಮೇಕೆ ಹೊಡೆದುಕೊಂಡು ಹೋಗುತ್ತಿದ್ದರು, ನಾನು ಅದನ್ನು ನೋಡುತ್ತ ರೈಟ್ ಅನ್ನುವುದನ್ನು ಮರೆತೇಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅವ್ವ ನನ್ನ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದಾಳೆ.

"ಅವ್ವ, ರೈಟ್ ಅಂದೆನಲ್ಲ" ಅಂತ ಸುಳ್ಳು ಹೇಳಿದೆ.

"ನೀ ಅಂದಿಲ್ಲ" ಅಂದಳು. "ಅನ್ನಬ್ಯಾಡ. ಹಿಂಗೇ ಇರ್ಲಿ ಒಂಚೂರು."

ಒಳಗಿನಿಂದ ಅಜ್ಜಿ ಬಸ್ಸಿಗೆ ಹೊತ್ತಾಯಿತು ಅಂತ ಕೂಗಿದರು. ನಾನು ರೈಟ್ ಅಂದೆ. ಅವ್ವ ಜಡೆ ಹಾಕಿ, ಕನಕಾಂಬರ ಮುಡಿಸಿದಳು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ನನ್ನ ಟ್ರಂಕನ್ನು ತಾವೇ ಮೇಲೆ ಹತ್ತಿ ಕಟ್ಟಿದರು. ಡ್ರೈವರ್ ಬಾಷಾ ಸಾಬರ ಪಕ್ಕ, ಇಂಜಿನ್ನಿನ ಹತ್ತಿರದ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಆ ಸೀಟಿಗಾಗಿ ನಾನು ಹಿಂದೆ ಎಷ್ಟು ರಂಪ ಮಾಡಿದ್ದೆ! ಈಗ ಅದು ಬಿಸಿಯಾಗಿತ್ತು, ಡೀಸೆಲ್ ವಾಸನೆ ಹೊಡೆಯುತ್ತಿತ್ತು, ಬೇಡವಾಗಿತ್ತು. ಕೆಳಗೆ ಅವ್ವ, ಅಜ್ಜಿ, ವಿಮಲಾ, ಅವಳ ಸೊಂಟದಲ್ಲಿ ಪುಟ್ಟಿ. ಅಜ್ಜಿ ಕಿಟಕಿಯಿಂದ ಕೈ ತೂರಿಸಿ ನನ್ನ ಗದ್ದ ಹಿಡಿದು ಹರಸಿದರು. ಅವ್ವ ಹತ್ತಿರ ಬರಲಿಲ್ಲ. ನಾನು ಹೋಲ್ಡಾನ್ ಅನ್ನಬೇಕು ಅಂದುಕೊಂಡೆ. ಆದರೆ ಅದು ಮನೆಯ ಕಾಯಿದೆ, ಬಸ್ಸಿನಲ್ಲಿ ಆ ಮಾತು ಕಂಡಕ್ಟರಿಗೆ ಮಾತ್ರ ಸೇರಿದ್ದು ಅಂತ ಅಪ್ಪನೇ ನಮಗೆ ಹೇಳಿಕೊಟ್ಟಿದ್ದರು. ತೆರೆದ ಬಾಯಿ ಮುಚ್ಚಿಕೊಂಡೆ. ಅಪ್ಪ ಹಿಂದಿನ ಬಾಗಿಲಿನಲ್ಲಿ ನಿಂತು ರೈಟ್ ಅಂದರು. ಇಡೀ ಸ್ಟ್ಯಾಂಡಿಗೆ ಕೇಳಿಸುತ್ತಿದ್ದ ಅಪ್ಪನ ದನಿ ಅವತ್ತು ಬಾಷಾ ಸಾಬರಿಗೂ ಕೇಳಿಸಲಿಲ್ಲ.

"ಏನ್ರೀ ರುದ್ರಪ್ಪ, ರೈಟಾ?" ಅಂತ ಅವರು ತಿರುಗಿ ಕೇಳಿದರು.

ಅಪ್ಪ ಇನ್ನೊಂದು ಸಲ ಅಂದರು. ಬಸ್ಸು ಹೊರಟಿತು. ಗೇಟಿನ ಹತ್ತಿರ ತಿರುಗುವಾಗ ಬಸ್ಸಿನ ತಗಡಿಗೆ ಯಾರೋ ದಬದಬ ಬಡಿದ ಸದ್ದಾಯಿತು. ಆಮೇಲೆ ಒಂದು ಕೂಗು.

"ಹೋಲ್ಡಾನ್!"

ಅದು ಹೆಂಗಸಿನ ದನಿ. ಯಾರದು ಏನು ಅಂತ ನೋಡುವ ಮೊದಲೇ ಬಾಷಾ ಸಾಬರ ಕಾಲು ಬ್ರೇಕಿನ ಮೇಲೆ ಹೋಗಿತ್ತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಯಾರದೋ ಬುಟ್ಟಿಯ ಬದನೆಕಾಯಿ ನನ್ನ ಕಾಲ ಬುಡಕ್ಕೆ ಉರುಳಿ ಬಂದವು. ಕಿಟಕಿಯಿಂದ ನೋಡಿದರೆ ಅವ್ವ. ಸೆರಗು ಜಾರಿ ನೆಲ ಗುಡಿಸುತ್ತಿದೆ, ಒಂದು ಕೈ ಇನ್ನೂ ಬಸ್ಸಿನ ತಗಡಿನ ಮೇಲಿದೆ, ಏದುಸಿರು. ತನ್ನ ಬಾಯಿಂದ ಬಂದದ್ದನ್ನು ಕೇಳಿ ತಾನೇ ಬೆಚ್ಚಿಬಿದ್ದವಳ ಹಾಗೆ ನಿಂತಿದ್ದಳು. ಹಿಂದಿನಿಂದ ಅಜ್ಜಿ ದಾಪುಗಾಲು ಹಾಕಿಕೊಂಡು ಬಂದರು.

"ಏನಾಗೈತಿ ನಿನಗೆ? ಮಂದಿ ಮುಂದೆ ಮಾನ ಕಳೀತೀಯಾ? ನಡೀಲಿ ಬಸ್ಸು!"

ಅಪ್ಪ ಇಳಿದು ಬಂದರು. ಅವರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಕಡೆ ಹೆತ್ತ ತಾಯಿ, ಅಕ್ಕನಿಗೆ ಹೋಗಿದ್ದ ಮಾತು, ಕಿಟಕಿಗಳಲ್ಲಿ ಇಣುಕುತ್ತಿದ್ದ ಪ್ಯಾಸೆಂಜರುಗಳು. ಇನ್ನೊಂದು ಕಡೆ ಅವ್ವ. ಅವ್ವ ಅಳಲಿಲ್ಲ, ಕೈ ಮುಗಿಯಲಿಲ್ಲ.

"ಕೂಸನ್ನ ಇಳಿಸ್ರಿ" ಅಂದಳು. "ನನ್ನ ಕೇಳಿಲ್ಲ ನೀವು."

ಅಪ್ಪ ಅಜ್ಜಿಯ ಕಡೆ ನೋಡಿದರು, ಅವ್ವನ ಕಡೆ ನೋಡಿದರು. ನಾನು ದೇವರೇ ದೇವರೇ ಅಂತ ಬದನೆಕಾಯಿಗಳ ನಡುವೆ ಕಾಲು ಮಡಚಿ ಕೂತಿದ್ದೆ. ಅಪ್ಪ ಮುಂದಿನ ಬಾಗಿಲು ತೆಗೆದರು.

"ಸುಶೀ, ಇಳಿಯವ್ವ."

ಅಷ್ಟೇ ಅಂದದ್ದು. ನಾನು ಹೇಗೆ ಇಳಿದೆನೋ ಗೊತ್ತಿಲ್ಲ, ಅವ್ವನ ಸೊಂಟವನ್ನು ಕಚ್ಚಿ ಹಿಡಿದದ್ದು ಮಾತ್ರ ಗೊತ್ತು. ಒಳಗೆ ಒಬ್ಬರು ಕೋರ್ಟಿಗೆ ಹೊತ್ತಾಯಿತು ಅಂತ ಗೊಣಗಿದರು. ಬಾಷಾ ಸಾಬರು ಕಿಟಕಿಯಿಂದ ತಲೆ ಹಾಕಿ, ಇನ್ನಾದರೂ ರೈಟ್ ಹೇಳ್ರಿ ರುದ್ರಪ್ಪ ಅಂದರು. ಅಪ್ಪ ಬಾಗಿಲಿನ ಕಂಬಿ ಹಿಡಿದು ಮೆಟ್ಟಿಲು ಹತ್ತಿ ನಿಂತರು.

"ನಾ ಹೇಳಂಗಿಲ್ಲ ಸಾಬ್ರೇ. ನಿಲ್ಲಿಸಿದೋರು ಹೇಳ್ಬೇಕು."

ಅವ್ವ ಸೆರಗು ಎಳೆದುಕೊಂಡು ನೆಲ ನೋಡುತ್ತ ರೈಟ್ ಅಂದಳು. ಬಸ್ಸು ಅಲ್ಲಾಡಲಿಲ್ಲ. ಒಳಗಿನಿಂದ ಒಬ್ಬ ಮುದುಕಿ, ನಿಲ್ಲಿಸೋವಾಗ ಇದ್ದ ಗಂಟಲು ಈಗ ಎಲ್ಲಿ ಹೋತವ್ವ ಅಂದಳು. ಜನ ನಕ್ಕರು. ಅವ್ವ ತಲೆ ಎತ್ತಿ, 'ರೈಟ್ ರೈಟ್!' ಅಂತ ಕೂಗಿದಳು. ಬಸ್ಸು ಹೋಯಿತು, ಅದರ ನೆತ್ತಿಯ ಮೇಲೆ ನನ್ನ ಟ್ರಂಕೂ ಹೋಯಿತು. ಅದನ್ನು ಇಳಿಸಬೇಕು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಮನೆಗೆ ಬಂದ ಅಜ್ಜಿ ನೇರ ದೇವರ ಕೋಣೆ ಸೇರಿಕೊಂಡರು. ಅವ್ವ ಏನೂ ಆಗಿಲ್ಲವೆಂಬಂತೆ ಅಕ್ಕಿ ಆರಿಸಿದಳು, ಆದರೆ ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು. ನನಗೆ ಬದುಕಿದೆಯಾ ಬಡಜೀವವೇ ಅನ್ನುವಷ್ಟು ಖುಷಿ. ಜೊತೆಗೆ ಹೆದರಿಕೆಯೂ ಇತ್ತು. ಅತ್ತೆ ಬರೀ ಟ್ರಂಕನ್ನು ನೋಡಿ ಏನಂದಾರು? ಅಪ್ಪ ಸಂಜೆ ಬಂದು ನಾಳೆ ಮತ್ತೆ ಹೊರಡು ಅಂದರೆ? ತಲೆಗೆ ಮುಡಿದ ಹೂವನ್ನು ನಾನು ತೆಗೆಯಲೇ ಇಲ್ಲ. ತೆಗೆದರೆ ಎಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಅನ್ನುವ ಭಯ. ವಿಮಲಾ ಯಾವತ್ತೂ ಇಲ್ಲದ ಔದಾರ್ಯದಿಂದ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು. ಅಲ್ಲೇ ಗೋಡೆಗೆ ಮುಖ ಮಾಡಿಕೊಂಡು ಕೂತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಟ್ರಂಕನ್ನು ಹೆಗಲ ಮೇಲೆ ಹೊತ್ತು ಬಂದರು. ಅವರ ಹಿಂದೆ ನೀಲತ್ತೆ. ಅಜ್ಜಿ ದೇವರ ಕೋಣೆಯಿಂದ ಎದ್ದು ಬಂದು, ಎಲ್ಲ ನಿನ್ನ ತಮ್ಮನ ಹೆಂಡ್ತಿ ಘನಕಾರ್ಯ ನೋಡು ಅಂತ ಶುರು ಮಾಡಿದರು. ಅತ್ತೆ ಬಸ್ಸಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ತಾಯಿಯ ಮಾತನ್ನು ಅರ್ಧಕ್ಕೇ ತಡೆದರು.

"ಅವ್ವ, ನೀನು ನನ್ನನ್ನಾದ್ರೂ ಕೇಳಿದ್ದೆಯಾ? ಕೊಡ್ತೀನಿ ಅಂತ ಹೇಳಿ ಕಳಿಸಿದೆ. ತವರಿನೋರು ಪ್ರೀತಿಯಿಂದ ಕೊಡೋದನ್ನ ಹೆಂಗೆ ಬೇಡ ಅನ್ನೋದು ಮಾರಾಯ್ತಿ? ಇಷ್ಟು ದಿನ ನನಗೆ ನಿದ್ದೆ ಇಲ್ಲ. ಈ ಮಗು ಅವ್ವ ಬೇಕು ಅಂತ ಅತ್ರೆ ನಾನು ಎಂತ ಮಾಡ್ಲಿ ಅಂತ."

ಹಾಗಂದು ನನ್ನ ಜಡೆಯ ಮೇಲೆ ಕೈಯಾಡಿಸಿದರು. ಅವರ ಕಣ್ಣು ಕೆಂಪಾಗಿದ್ದವು.

"ಬಸ್ಸಿಂದ ಟ್ರಂಕು ಒಂದೇ ಇಳಿದಾಗ ಅಳು ಬಂತು, ಸುಳ್ಳು ಯಾಕೆ ಹೇಳ್ಲಿ. ಹಾಸಿಗೆ ಹಾಕಿಟ್ಟಿದ್ದೆ. ಅತ್ತು ಮುಗಿದ ಮೇಲೆ ಎದೆ ಮೇಲಿನ ಚಪ್ಪಡಿ ತೆಗೆದಂಗಾಯ್ತು. ನೋಡು, ನಿನ್ನ ಮಗನ್ನೂ ಕೇಳು."

ಅಪ್ಪ ಟೋಪಿ ಮೊಳೆಗೆ ಹಾಕುತ್ತ ಗೋಡೆಗೆ ಹೇಳುವಂತೆ ಹೇಳಿದರು, "ಶಿರಾಳಕೊಪ್ಪ ದಾಟೋ ಮಟ ನಾನು ಯಾರಿಗೂ ಟಿಕೀಟೇ ಹರಿದಿಲ್ಲ. ಯಾರಾರ ಒಬ್ರು ನಿಲ್ಲಿಸ್ತಾರೇನೋ ಅಂತ ಬೆಳಿಗ್ಗಿಂದ ಕಾಯ್ತಿದ್ದೆ."

ಅವ್ವ ಅಡುಗೆಮನೆ ಬಾಗಿಲಿನಲ್ಲಿ ನಿಂತಿದ್ದಳು. ಕಾಯ್ತಿದ್ರಂತೆ, ಗಂಡಸಾಗಿ, ಅಂತ ಅವಳು ಗೊಣಗಿದ್ದು ನನಗೊಬ್ಬಳಿಗೇ ಕೇಳಿಸಿತು. ಅವಳು ಗೊಣಗಿದ್ದು ನ್ಯಾಯವಾಗಿಯೇ ಇತ್ತು. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ, ಯಾರಿಗೂ ಬೇಡದ ಒಂದು ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿ ಮುಗಿಸುವವರಿದ್ದರು ಅಂತ ಈ ವಯಸ್ಸಿನಲ್ಲೂ ನೆನೆದು ಮೈ ಜುಮ್ಮೆನ್ನುತ್ತದೆ. ಆಮೇಲೆ ರಜೆ ಬಂದಾಗಲೆಲ್ಲ ನಾನಾಗಿಯೇ ಸೊರಬಕ್ಕೆ ಹೋದೆ, ಉಯ್ಯಾಲೆ ಆಡಿದೆ, ಗುಡವಿಯ ಹಕ್ಕಿಗಳನ್ನೂ ನೋಡಿದೆ. ಅತ್ತೆಯನ್ನು ಅತ್ತೆ ಅಂತಲೇ ಕರೆದೆ. ಅವರ ಕೊನೆಗಾಲದಲ್ಲಿ ಅವರ ಹಾಸಿಗೆಯ ಪಕ್ಕ ಇದ್ದವಳೂ ನಾನೇ.

ಆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅಜ್ಜಿ ಮಾತ್ರ ತಟ್ಟೆಯ ಮುಂದೆ ಮುಖ ಊದಿಸಿಕೊಂಡಿದ್ದರು. ಅವರು ಒಂದು ಮಾತು ಒಪ್ಪಿಕೊಳ್ಳದ ತನಕ ನಾನು ಉಳಿದದ್ದು ಖಾಯಂ ಅಲ್ಲ ಅನ್ನುವುದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಕೊನೆಯ ಮಾತು ಯಾವತ್ತೂ ಅವರದೇ. ಅವ್ವ ಅಪ್ಪನಿಗೆ ಅನ್ನ ಬಡಿಸತೊಡಗಿದಳು. ಅಪ್ಪ ಹೋಲ್ಡಾನ್ ಅನ್ನಲಿಲ್ಲ. ಅವ್ವ ಇನ್ನೊಂದು ಸೌಟು ಹಾಕಿದಳು. ಅಪ್ಪ ಸುಮ್ಮನೆ ತಟ್ಟೆ ನೋಡುತ್ತಿದ್ದರು. ಇವತ್ತು ಆ ಮಾತು ತಮ್ಮದಲ್ಲ, ಅವಳದು ಅಂತ ಬಿಟ್ಟುಕೊಟ್ಟಿದ್ದರೋ, ಅಥವಾ ಮೈಮೇಲೆ ಎಚ್ಚರವೇ ಇರಲಿಲ್ಲವೋ. ಅವ್ವನೂ ಹಟಕ್ಕೆ ಬಿದ್ದವಳಂತೆ ಬಡಿಸುತ್ತಲೇ ಹೋದಳು. ಅನ್ನ ಗೋಪುರವಾಗಿ ತಟ್ಟೆಯ ಅಂಚು ದಾಟಿತು. ನಾವು ಮಕ್ಕಳು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆವು. ಒಂದು ಹಿಡಿ ಜಾರಿ ನೆಲಕ್ಕೆ ಬೀಳುವುದರಲ್ಲಿತ್ತು.

"ಹೋಲ್ಡಾನ್!" ಅಂತ ಅಜ್ಜಿ ಚೀರಿದರು. "ಅನ್ನ ಕಣೇ ಅದು!"

ಎಲ್ಲರ ಕೈಯೂ ನಿಂತಿತು. ಅವ್ವನ ಸೌಟು ಗಾಳಿಯಲ್ಲಿ, ಅತ್ತೆಯ ತುತ್ತು ಬಾಯಿಯ ಹತ್ತಿರ, ವಿಮಲಳ ಲೋಟ ತುಟಿಯ ಮೇಲೆ. ತಾವು ಏನಂದೆವು ಅಂತ ಹೊಳೆದು ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡರು. ಯಾರೂ ನಗಲಿಲ್ಲ, ಕಾಯಿದೆ ಕಾಯಿದೆಯೇ. ಅಜ್ಜಿ ಒಬ್ಬೊಬ್ಬರನ್ನಾಗಿ ನೋಡುತ್ತ ಬಂದರು. ಮಗನನ್ನು, ಮಗಳನ್ನು, ಸೌಟು ಹಿಡಿದು ನಿಂತ ಸೊಸೆಯನ್ನು ತುಸು ಹೆಚ್ಚು ಹೊತ್ತು, ಕೊನೆಗೆ ಬಾಡಿದ ಕನಕಾಂಬರ ಮುಡಿದು ಕೂತ ನನ್ನನ್ನು. ನನ್ನ ತಲೆಗೆ ಕೈ ಚಾಚಿ, ಹೊರಡಲೆಂದು ಮುಡಿಸಿದ್ದ ಆ ಹೂವಿನ ದಂಡೆಯನ್ನು ಬಿಚ್ಚಿ ಪಕ್ಕಕ್ಕಿಟ್ಟರು.

"ರೈಟ್" ಅಂದರು.

ನಾವೆಲ್ಲ ಊಟ ಮಾಡಿದೆವು.